‘ಪರಿಹಾರ’ ಎಂಬ ಪದ ಎಲ್ಲಿ ಕಳೆದುಹೋಯಿತು?

ಪ್ರಶ್ನೆ: ಮಳೆ ಕೈಕೊಟ್ಟು ನಾಲ್ಕು ಎಕರೆ ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಒಣಗಿತು. ಹವಾಮಾನ ಬದಲಾವಣೆಯ ನಷ್ಟಕ್ಕೆ ಶ್ರೀಮಂತ ದೇಶಗಳು ಪರಿಹಾರ ನಿಧಿ ಮಾಡಿವೆಯಂತೆ. ನಮಗೇನಾದರೂ ಸಿಗುತ್ತದೆಯೇ?
– ರೈತರೊಬ್ಬರು, ಜಗಳೂರು

ಉತ್ತರ: ನಿಧಿ ಇರುವುದು ನಿಜ. 2022ರಲ್ಲಿ ಈಜಿಪ್ಟಿನ ಹವಾಮಾನ ಸಮ್ಮೇಳನದಲ್ಲಿ ತೀರ್ಮಾನವಾಗಿ, 2023ರ ದುಬೈ ಸಮ್ಮೇಳನದ ಮೊದಲ ದಿನವೇ ಜಾರಿಗೆ ಬಂತು. ಆದರೆ ಅದು ‘ನಷ್ಟ ಮತ್ತು ಹಾನಿ’ ನಿಧಿ, ಪರಿಹಾರ ನಿಧಿಯಲ್ಲ. 2015ರ ಪ್ಯಾರಿಸ್ ಒಪ್ಪಂದದ 8ನೇ ವಿಧಿ ನಷ್ಟ-ಹಾನಿಯನ್ನು ಒಪ್ಪಿಕೊಂಡಿತು. ಜೊತೆಗಿನ ನಿರ್ಣಯದ 51ನೇ ಪ್ಯಾರಾ ಮಾತ್ರ, ಈ ವಿಧಿಯನ್ನು ಹಿಡಿದು ಯಾರೂ ಹೊಣೆಯನ್ನಾಗಲಿ ಪರಿಹಾರವನ್ನಾಗಲಿ ಕೇಳುವಂತಿಲ್ಲ ಎಂದು ಬಾಗಿಲು ಹಾಕಿತು. ಹಾಗಾಗಿ ಈ ವಿಧಿಯಡಿ ಯಾವ ದೇಶವೂ ಬಾಕಿದಾರನಲ್ಲ. ಕೊಡುವುದೆಲ್ಲ ಮನಸ್ಸು ಬಂದರೆ ಕೊಡುವ ವಂತಿಗೆ. ನಮ್ಮ ದೃಷ್ಟಿಯಲ್ಲಿ ಇದು ಅನ್ಯಾಯವೇ.

ಮೊದಲ ಹಂತಕ್ಕೆ ಇಟ್ಟಿರುವುದು 25 ಕೋಟಿ ಡಾಲರ್. ಅದರಲ್ಲಿ ಕನಿಷ್ಠ ಅರ್ಧ ಅತಿ ಹಿಂದುಳಿದ ದೇಶಗಳಿಗೆ, ಸಣ್ಣ ದ್ವೀಪಗಳಿಗೆ. ಭಾರತ ಆ ಪಟ್ಟಿಯಲ್ಲಿಲ್ಲ. ರೈತರು ನೇರವಾಗಿ ಅರ್ಜಿ ಹಾಕಲೂ ಬರುವುದಿಲ್ಲ.

ನಿಮಗಿರುವ ದಾರಿ ರಾಜ್ಯ ವಿಪತ್ತು ಸ್ಪಂದನಾ ನಿಧಿ. ತಾಲ್ಲೂಕು ಬರಪೀಡಿತವೆಂದು ಘೋಷಣೆಯಾಗಿ, ಬೆಳೆ ನಷ್ಟ ಶೇ 33 ಅಥವಾ ಹೆಚ್ಚಿದ್ದರೆ, 2022-26ರ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ. ನಿಮ್ಮ ನಾಲ್ಕು ಎಕರೆಗೆ ಸುಮಾರು 13,760 ರೂಪಾಯಿ. ಬೀಜ-ಗೊಬ್ಬರದ ಖರ್ಚಿಗೂ ಸಾಲದು, ಗೊತ್ತು. ಅದೂ ತಪ್ಪಿಹೋಗುವುದು ಸಾಮಾನ್ಯವಾಗಿ ಮೂರು ಕಡೆ: ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಲ್ಲ ಸರ್ವೆ ನಂಬರ್ ಸೇರಿರುವುದಿಲ್ಲ, ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಸಮಯ ಹಿಡಿಯುತ್ತದೆ. ಬಿತ್ತನೆಗೆ ಮುಂಚೆಯೇ ಮಾಡಿಸಿ.

ಪ್ರಶ್ನೆ: ಹವಾಮಾನ ಸಮ್ಮೇಳನಗಳಲ್ಲಿ ಒಂದು ಪದಕ್ಕಾಗಿ ರಾತ್ರಿಯಿಡೀ ಕೂರುವುದೇಕೆ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಅಲ್ಲಿ ಮತದಾನವಿಲ್ಲ. ಮತದಾನದ ನಿಯಮಕ್ಕೇ ದೇಶಗಳು ಇವತ್ತಿನವರೆಗೆ ಒಪ್ಪಿಲ್ಲ, ಎಲ್ಲವೂ ಸಹಮತದಿಂದ ಆಗಬೇಕು. ಇತ್ಯರ್ಥವಾಗದ ಪದ ಚೌಕ ಆವರಣದೊಳಗೆ ಕೂತಿರುತ್ತದೆ. ಆವರಣ ಬಿಚ್ಚುವುದೇ ಆ ರಾತ್ರಿಗಳ ಕೆಲಸ.

ನಮ್ಮ ಸರ್ಕಾರಿ ಆದೇಶಗಳಲ್ಲಿ ‘ಮಾಡತಕ್ಕದ್ದು’ ಎಂದಿದ್ದರೆ ಅದು ಕಟ್ಟಳೆ, ‘ಮಾಡುವುದು ಸೂಕ್ತ’ ಎಂದಿದ್ದರೆ ಸಲಹೆ. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ, ಶ್ರೀಮಂತ ದೇಶಗಳು ಹೊಗೆ ಇಳಿಸುವುದರಲ್ಲಿ ಮುಂದಾಗಬೇಕೆಂಬ ವಾಕ್ಯದಲ್ಲಿ ‘ತಕ್ಕದ್ದು’ ಎಂಬರ್ಥದ ಇಂಗ್ಲಿಷ್ ಪದ ‘ಶಲ್’ ಬಂದುಬಿಟ್ಟಿತ್ತು. ಹಾಗೇ ಉಳಿದರೆ ಅಮೆರಿಕ ಒಪ್ಪಂದವನ್ನು ತನ್ನ ಸೆನೆಟ್ ಮುಂದೆ ಇಡಬೇಕಾಗುತ್ತಿತ್ತು, ಅಲ್ಲಿ ಅದು ಬಿದ್ದೇ ಹೋಗುತ್ತಿತ್ತು. ಕೊನೆಗೆ ಅಚ್ಚಿನ ತಪ್ಪುಗಳ ಪಟ್ಟಿಯಲ್ಲಿ ಸೇರಿಸಿ ಓದಿ, ಪದವನ್ನು ‘ಶುಡ್’ ಎಂದು, ನಮ್ಮ ‘ಸೂಕ್ತ’ದ ಮಟ್ಟಕ್ಕೆ ಇಳಿಸಿದರು. 2021ರಲ್ಲಿ ಗ್ಲ್ಯಾಸ್ಗೋದಲ್ಲಿ ಭಾರತವೂ ಇದನ್ನೇ ಮಾಡಿತು: ಕಲ್ಲಿದ್ದಲು ‘ನಿಲ್ಲಿಸುವುದು’ ಹೋಗಿ ‘ತಗ್ಗಿಸುವುದು’ ಆಯಿತು.

2024ರ ಬಾಕು ಸಮ್ಮೇಳನದ ತೀರ್ಮಾನವನ್ನೂ ಹೀಗೇ ಓದಿ. ಅಭಿವೃದ್ಧಿಶೀಲ ದೇಶಗಳ ಹವಾಮಾನ ಕೆಲಸಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 30,000 ಕೋಟಿ ಡಾಲರ್, ಶ್ರೀಮಂತ ದೇಶಗಳ ‘ಮುಂದಾಳತ್ವದಲ್ಲಿ’. ಯಾವ ದೇಶದ ಪಾಲು ಎಷ್ಟು ಎಂಬುದು ಅದರಲ್ಲಿ ಎಲ್ಲೂ ಬರೆದಿಲ್ಲ.