ಲ್ಯಾಟಿನ್ ಮೂಲಪದಗಳನ್ನು ಬಾಯಿಪಾಠ ಮಾಡಿದರೆ ಇಂಗ್ಲಿಷ್ ಪದಗಳು ತಾನಾಗಿ ಬರುತ್ತವಾ?

ಹಾಸನದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೀರಿ, ಗೋಡೆಗೆ ಮೂಲಪದಗಳ ಪಟ್ಟಿ ಅಂಟಿಸಿದ್ದೀರಿ, ಯಾವ ಪಟ್ಟಿ ಒಳ್ಳೆಯದು ಅಂತ ನನ್ನನ್ನು ಕೇಳಿದ್ದೀರಿ. ನಾನೂ ಅಲ್ಲೇ, ಹಾಗೇ ಇದ್ದೆ. ಶನಿವಾರ ಬೇಲೂರು ಮೇಲೆ ಚಿಕ್ಕಮಗಳೂರಿನ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಅದೇ ಜಪ. ಪೋರ್ಟ್ ಅಂದರೆ ಹೊರು: ಇಂಪೋರ್ಟ್ ಒಳಗೆ, ಎಕ್ಸ್‌ಪೋರ್ಟ್ ಹೊರಗೆ. ಡಿಕ್ಟ್ ಅಂದರೆ ಹೇಳು: ಪ್ರಿಡಿಕ್ಟ್ ಅಂದರೆ ಮೊದಲೇ ಹೇಳು. ಇನ್ನು ಡಿಕ್ಷನರಿ ಯಾಕೆ ಅಂತ ಇದ್ದೊಂದನ್ನೂ ಪಕ್ಕದ ರೂಮಿನವನಿಗೆ ಕೊಟ್ಟುಬಿಟ್ಟೆ.

ಬ್ಯಾಂಕ್ ಕೆಲಸ ಸಿಗಲಿಲ್ಲ. ಊರಿಗೆ ಬಂದು ತೋಟದ ಮನೆಯಲ್ಲೇ ಹೋಮ್‌ಸ್ಟೇ ಶುರು ಮಾಡಿದೆ. ಅಡುಗೆ ಅಮ್ಮಂದು, ಇಮೇಲ್ ನಂದು.

ಮೂರನೇ ಮಳೆಗಾಲ. ಬೆಂಗಳೂರಿನ ಒಂದು ಗುಂಪು ಬಂದಿತ್ತು. ಪ್ರತಿ ವರ್ಷ ಬರುವವರು, ನಾಲ್ಕೂ ರೂಮ್ ಅವರಿಗೇ. ರಾತ್ರಿ ಒಂದು ಮಗುವಿಗೆ ಜ್ವರ ಏರಿತು. ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿತ್ತು. ಅಮ್ಮ ಬೆಳಗಿನ ತನಕ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ನಡುನಡುವೆ ಗಂಜಿ ಕುಡಿಸುತ್ತಾ ಕೂತಿದ್ದಳು. ವಾರದ ಮೇಲೆ ಅವರ ಮೇಲ್ ಬಂತು. ಅದರಲ್ಲಿ ಒಂದು ಸಾಲು: 'ಯುವರ್ ಮದರ್ಸ್ ಹೆಲ್ಪ್ ವಾಸ್ ಇನ್‌ವ್ಯಾಲ್ಯುಬಲ್.'

ನನ್ನ ಪಟ್ಟಿ ಪ್ರಕಾರ 'ಇನ್' ಅಂದರೆ ಇಲ್ಲ. ಇನ್‌ಕರೆಕ್ಟ್, ಇನ್‌ವಿಸಿಬಲ್ ಇದ್ದ ಹಾಗೆ. ವ್ಯಾಲ್ಯೂ ಅಂದರೆ ಬೆಲೆ. ವ್ಯಾಲಿಡ್‌ನ ನೆಂಟ, ಎರಡೂ 'ವಲೇರೆ' ಅನ್ನುವ ಲ್ಯಾಟಿನ್ ಕ್ರಿಯಾಪದದಿಂದ ಬಂದವು, ಅದೂ ಗೊತ್ತಿತ್ತು ನನಗೆ! ಕೂಡಿಸಿದೆ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಕ್ಕೆ ಬೆಲೆಯಿಲ್ಲವಾ? ಮೈ ಉರಿಯಿತು. ನಮ್ಮ ತಾಯಿಯ ಸಹಾಯಕ್ಕೆ ಬೆಲೆ ಇಲ್ಲದಿದ್ದರೆ ಇನ್ನು ಮೇಲೆ ಬರಬೇಡಿ ಅಂತ ಉತ್ತರ ಬರೆದೆ. ಸಾಲದ್ದಕ್ಕೆ ಅಮ್ಮನಿಗೂ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಆಮೇಲೆ ಬಂದ ಗೆಸ್ಟ್‌ಗಳಿಗೆ ಊಟ ಬಡಿಸಿ ಸುಮ್ನೆ ಒಳಗೆ ಹೋಗಿಬಿಡುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಹೊರಡುವಾಗ ನಮ್ಮ ಪುಸ್ತಕದಲ್ಲಿ ಅದೇ ಪದ ಬರೆದರು, ಅದೂ ನಗುನಗುತ್ತಾ. ಇದರ ಅರ್ಥ ಏನು ಸಾರ್ ಅಂದೆ. 'ಅಮೂಲ್ಯ ಕಣಪ್ಪ' ಅಂದರು.

ಅಮೂಲ್ಯ! ಅಲ್ಲೂ ಬೆಲೆಯ ಮುಂದೆ 'ಅ' ಇದೆ. ಆದರೂ ಅದನ್ನು 'ಬೆಲೆ ಇಲ್ಲದ್ದು' ಅಂತ ಕನ್ನಡದಲ್ಲಿ ನಾವು ಯಾರಾದರೂ ಓದುತ್ತೇವಾ? ಬೆಲೆ ಕಟ್ಟಲಾಗದ್ದು ಅಂತ ತಾನೇ. ಇಂಗ್ಲಿಷಿನಲ್ಲೂ ಅಷ್ಟೇ. ಅಲ್ಲಿ ವ್ಯಾಲ್ಯೂ ಅಂದರೆ ಬೆಲೆ ಕಟ್ಟು, ಬಾಲದಲ್ಲಿರುವ 'ಏಬಲ್' ಅಂದರೆ ಆಗುವಂಥದ್ದು. ನಾನು ತಲೆ ಹಿಡಿದೆ, ಬಾಲ ಬಿಟ್ಟೆ. ಬೆಲೆಯೇ ಇಲ್ಲ ಅನ್ನುವುದಕ್ಕೆ ಅವರು ವರ್ತ್‌ಲೆಸ್ ಅನ್ನುತ್ತಾರೆ. ಡಿಕ್ಷನರಿ ತೆಗೆದಿದ್ದರೆ ಅರ್ಧ ನಿಮಿಷದ ಕೆಲಸ. ಕ್ಷಮೆ ಕೇಳಿ ಎರಡು ಮೇಲ್ ಹಾಕಿದೆ, ಉತ್ತರ ಬರಲಿಲ್ಲ.

ಹಾಗಾಗಿ ಯಾವ ಪಟ್ಟಿ ಒಳ್ಳೆಯದು ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಮೂಲಪದ ಗೊತ್ತಿದ್ದರೆ ಕಲಿತ ಪದ ನೆನಪಲ್ಲಿ ಉಳಿಯುತ್ತದೆ ನಿಜ, ಆದರೆ ಕಲಿಯದ ಪದದ ಅರ್ಥ ಅದರಿಂದ ಹುಟ್ಟುವುದಿಲ್ಲ. ಶಾಲೆಯಲ್ಲಿ ಉಪಸರ್ಗದ ಪಾಠದಲ್ಲಿ ಆಹಾರ, ವಿಹಾರ, ಪ್ರಹಾರ, ಸಂಹಾರ ಓದಿದ್ದೀರಲ್ವಾ? ಎಲ್ಲದರ ಬೇರು ಒಂದೇ. ಹಾಗಂತ ಹೋಟೆಲಿಗೆ ಹೋಗಿ ಒಂದು ಪ್ಲೇಟ್ ಸಂಹಾರ ಕೊಡಿ ಅನ್ನೋಕಾಗುತ್ತಾ? ಇನ್‌ಫ್ಲೇಮಬಲ್ ಇನ್ನೂ ಮೋಸದ ಪದ: ಅಲ್ಲಿನ 'ಇನ್' ಇಲ್ಲ ಅನ್ನುವ 'ಇನ್' ಅಲ್ಲವೇ ಅಲ್ಲ, ಆ ಪದಕ್ಕೆ ಬೇಗ ಹೊತ್ತಿಕೊಳ್ಳುವಂಥದ್ದು ಅಂತ ಅರ್ಥ. ಪೆಡಲ್‌ನ 'ಪೆಡ್' ಲ್ಯಾಟಿನ್ನಿನ ಕಾಲು, ಪೀಡಿಯಾಟ್ರಿಷನ್‌ನದು ಗ್ರೀಕಿನ ಮಗು.

ಮೊದಲು ಪೇಪರ್ ಓದಿ. ಪದ ಸಿಕ್ಕಾಗ ಡಿಕ್ಷನರಿ ನೋಡಿ, ಅದು ಬಂದಿದ್ದ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸಿ, ಬೇರು ಏನು ಅಂತ ಕೊನೆಗೆ ಪಕ್ಕದಲ್ಲಿ ಬರೆದುಕೊಳ್ಳಿ. ದಿನಕ್ಕೆ ಹತ್ತು ಪದ ಜಾಸ್ತಿನೇ ಆಯಿತು, ಐದು ಸಾಕು. ಗೋಡೆಯ ಪಟ್ಟಿ ಇರಲಿ ಬಿಡಿ, ಕೀಳಬೇಡಿ. ನಂದು ಈಗಲೂ ಅಡುಗೆಮನೆ ಬಾಗಿಲ ಹಿಂದಿದೆ. ಅದರ ಖಾಲಿ ಅಂಚಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾಳೆ.