ಬಿಆರ್‌ಎಎಫ್ ವಿ600ಇ ಬಂದಿದೆ, ಕೀಮೋ ಬಿಟ್ಟು ಮಾತ್ರೆಯೊಂದನ್ನೇ ಕೊಡಬಹುದೇ?

ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದೆ, ರಿಪೋರ್ಟಿನಲ್ಲಿ ಬಿಆರ್‌ಎಎಫ್ ಜೀನಿನ ವಿ600ಇ ಎಂಬ ಮ್ಯುಟೇಶನ್ (ಬದಲಾವಣೆ) ಇದೆ, ಇದೇ ಮ್ಯುಟೇಶನ್ನಿನ ಮೆಲನೋಮಾಕ್ಕೆ (ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ) ಮಾತ್ರೆ ಇರುವಾಗ ಕೀಮೋ ಯಾಕೆ ಅಂತ ತಾನೇ ನಿಮ್ಮ ಪ್ರಶ್ನೆ? ಒಂದು ಕಾಲಕ್ಕೆ ನಾನೂ ಇದನ್ನೇ ಕೇಳಿದವನು. ಆಂಕಾಲಜಿಸ್ಟರೂ ಕೇಳಿಕೊಂಡಿದ್ದರು, ಪ್ರಯೋಗ ಮಾಡಿಯೂ ನೋಡಿದರು. ಒಂಟಿ ಮಾತ್ರೆ ಬೇಡ. ಯಾಕೆ ಬೇಡ ಅನ್ನುವುದು ತಿಳಿದರೆ ಏನು ಬೇಕು ಅನ್ನುವುದೂ ತಿಳಿಯುತ್ತದೆ.

ಮೆಲನೋಮಾಕ್ಕೆ ಬಿಆರ್‌ಎಎಫ್ ತಡೆಯುವ ಮಾತ್ರೆ ವೆಮುರಾಫೆನಿಬ್ ಒಪ್ಪಿಗೆ ಪಡೆದದ್ದು 2011ರಲ್ಲಿ. ವಿ600ಇ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರ ಗಡ್ಡೆ ಕುಗ್ಗಿತು. ಅದೇ ಔಷಧವನ್ನು ಅದೇ ಮ್ಯುಟೇಶನ್ ಇದ್ದ 21 ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟಾಗ ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಒಬ್ಬರಲ್ಲಿ. ಔಷಧ ಗಡ್ಡೆಗೆ ಮುಟ್ಟಲಿಲ್ಲವೆಂದಲ್ಲ, ಪ್ರೋಟೀನಿಗೆ ಅಂಟಿಕೊಳ್ಳಲಿಲ್ಲವೆಂದೂ ಅಲ್ಲ. ಎಡವಟ್ಟಾದದ್ದು ಅಂಟಿಕೊಂಡ ಮೇಲೆ.

ಜೀವಕೋಶದ ಹೊರಪೊರೆಯಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕ ಇದೆ. ಅದು ಒಳಗಿನ ಆರ್‌ಎಎಸ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಆರ್‌ಎಎಸ್ ಬಿಆರ್‌ಎಎಫ್ ಅನ್ನು, ಅದು ಎಂಇಕೆಯನ್ನು, ಎಂಇಕೆ ಇಆರ್‌ಕೆಯನ್ನು. ಕೊನೆಯ ಇಆರ್‌ಕೆ ಜೀವಕೋಶಕ್ಕೆ 'ವಿಭಜಿಸು' ಅನ್ನುತ್ತದೆ. ಇಷ್ಟನ್ನು ಎಲ್ಲರೂ ಓದಿರುತ್ತಾರೆ. ಬಿಟ್ಟುಹೋಗುವುದು ಏನೆಂದರೆ, ಇಆರ್‌ಕೆ ಕೆಳಗೆ ಆದೇಶ ಕೊಡುವುದರ ಜೊತೆಗೆ ಮೇಲಿನ ಇಜಿಎಫ್‌ಆರ್ ಅನ್ನು ತಣ್ಣಗಿಡುವ ಕೆಲಸವನ್ನೂ ಮಾಡಿಸುತ್ತಿರುತ್ತದೆ. ನೀರಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ಇದ್ದ ಹಾಗೆ: ಟ್ಯಾಂಕ್ ತುಂಬಿದ್ದರೆ ಮೋಟರ್ ನಿಂತಿರುತ್ತದೆ, ಬರಿದಾದರೆ ತಾನಾಗಿಯೇ ಚಾಲೂ ಆಗುತ್ತದೆ. ಬಿಆರ್‌ಎಎಫ್ ಅನ್ನು ತಡೆದ ಕೂಡಲೇ ಇಆರ್‌ಕೆ ಕುಸಿಯಿತು, ಅದರೊಂದಿಗೆ ಇಜಿಎಫ್‌ಆರ್ ಮೇಲಿದ್ದ ಅಂಕುಶವೂ ಹೋಯಿತು. ಇಜಿಎಫ್‌ಆರ್ ಆರ್‌ಎಎಸ್ ಅನ್ನು ಕೆರಳಿಸಿತು. ಆರ್‌ಎಎಸ್ ಕೆರಳಿದಾಗ ಬಿಆರ್‌ಎಎಫ್ ತನ್ನ ಸೋದರ ಪ್ರೋಟೀನ್ ಸಿಆರ್‌ಎಎಫ್ ಜೊತೆ ಜೋಡಿ ಕಟ್ಟುತ್ತದೆ. ವೆಮುರಾಫೆನಿಬ್‌ನ ಬಲವೆಲ್ಲ ಒಂಟಿಯಾಗಿ ಕೆಲಸ ಮಾಡುವ ವಿ600ಇ ಮೇಲೆ. ಜೋಡಿಯಲ್ಲಿ ಒಂದಕ್ಕೆ ಅಂಟಿಕೊಂಡರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಇಆರ್‌ಕೆ ಮತ್ತೆ ಎದ್ದು ಕೂತಿತು.

ಮೆಲನೋಮಾದಲ್ಲಿ ಹೀಗೆ ಆಗಲಿಲ್ಲ ಯಾಕೆಂದರೆ ಆ ಜೀವಕೋಶಗಳಲ್ಲಿ ಇಜಿಎಫ್‌ಆರ್ ಇರುವುದೇ ಅತ್ಯಲ್ಪ. ಕರುಳಿನ ಒಳಪದರದ ಜೀವಕೋಶಗಳಲ್ಲಿ ಅದು ಧಾರಾಳ. 2012ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೆದರ್ಲೆಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ರೆನೆ ಬರ್ನಾರ್ಡ್ಸ್ ಅವರ ತಂಡ, ಯಾವ ಕೈನೇಸ್ (ಬೇರೆ ಪ್ರೋಟೀನನ್ನು ಎಬ್ಬಿಸುವ ಕಿಣ್ವ) ಜೀನನ್ನು ಅಡಗಿಸಿದರೆ ವೆಮುರಾಫೆನಿಬ್‌ಗೆ ಈ ಜೀವಕೋಶಗಳು ಬಗ್ಗುತ್ತವೆ ಎಂದು ಹುಡುಕುತ್ತ ಹೋಗಿ ಇಜಿಎಫ್‌ಆರ್‌ಗೇ ಬಂದು ನಿಂತಿತು. ಹಾಗಾಗಿ ಜೀನಿನ ಹೆಸರು ನೋಡಿ ಔಷಧ ಆರಿಸುವವರ ಮಾತು ಕೇಳಬೇಡಿ. ಆ ಜೀನು ಯಾವ ಅಂಗಾಂಶದಲ್ಲಿ ಕೂತಿದೆ, ಅಲ್ಲಿ ತಡೆ ಹಾಕಿದರೆ ಯಾವ ಬಾಗಿಲು ತೆರೆಯುತ್ತದೆ ಅನ್ನುವುದೇ ಮುಖ್ಯ.

ಮೇಲೆ ಇಜಿಎಫ್‌ಆರ್, ಕೆಳಗೆ ಬಿಆರ್‌ಎಎಫ್, ಎರಡನ್ನೂ ಒಟ್ಟಿಗೆ ಹಿಡಿಯುವುದು ಈಗಿನ ಕ್ರಮ: ಬಿಆರ್‌ಎಎಫ್‌ಗೆ ಎನ್ಕೊರಾಫೆನಿಬ್ ಮಾತ್ರೆ, ಜೊತೆಗೆ ಇಜಿಎಫ್‌ಆರ್‌ಗೆ ಸೆಟುಕ್ಸಿಮ್ಯಾಬ್ ಡ್ರಿಪ್. ಮೊದಲ ಚಿಕಿತ್ಸೆ ಸೋತವರ ಮೇಲೆ ನಡೆದ ಬೀಕನ್ ಟ್ರಯಲ್‌ನಲ್ಲಿ ಮಧ್ಯಮ ಬದುಕುಳಿವು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 5.4 ತಿಂಗಳಿಂದ 8.4ಕ್ಕೆ ಏರಿತು. ಎಂಇಕೆಯನ್ನೂ ತಡೆಯಲು ಬಿನಿಮೆಟಿನಿಬ್ ಸೇರಿಸಿದರೆ 9.0. ಮೂರನೆಯದರಿಂದ ಅಂಥ ಲಾಭ ಕಾಣದ್ದರಿಂದ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಜೋಡಿ ಔಷಧಕ್ಕೆ. ಸೆಟುಕ್ಸಿಮ್ಯಾಬ್ ಒಂದನ್ನೇ ಕೊಟ್ಟರೂ ಪ್ರಯೋಜನ ಕಡಿಮೆ, ಬೆಂಕಿ ಅದರ ಕೆಳಗಿನ ಮೆಟ್ಟಿಲಲ್ಲೇ ಹೊತ್ತಿರುತ್ತದಲ್ಲ.

ಇನ್ನು 'ಕೀಮೋ ಬಿಟ್ಟು' ಅನ್ನುವ ನಿಮ್ಮ ಷರತ್ತು. ಅದನ್ನು ನಾನು ಒಪ್ಪುವುದಿಲ್ಲ. ಬ್ರೇಕ್‌ವಾಟರ್ ಟ್ರಯಲ್‌ನಲ್ಲಿ ಈ ಜೋಡಿಯನ್ನು ಮೊದಲ ಚಿಕಿತ್ಸೆಯಾಗಿಯೇ ಫೋಲ್‌ಫಾಕ್ಸ್ ಕೀಮೋ ಜೊತೆ ಕೊಟ್ಟರು. ಹೋಲಿಕೆ ಗುಂಪಿಗೆ ಆಗಿನ ಸಾಮಾನ್ಯ ಕೀಮೋ, ಬೆವಾಸಿಝುಮ್ಯಾಬ್ (ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಔಷಧ) ಸಹಿತ ಅಥವಾ ರಹಿತ. ಮಧ್ಯಮ ಬದುಕುಳಿವು 15.1 ತಿಂಗಳಿದ್ದದ್ದು 30.3ಕ್ಕೆ ಹೋಯಿತು. ವಿ600ಇ ಎಂದರೆ ಅವಸರದ ಕ್ಯಾನ್ಸರ್. ಎರಡನೇ ಸುತ್ತಿಗೆ ಎಂದು ಒಳ್ಳೆಯ ಔಷಧ ಎತ್ತಿಟ್ಟರೆ ಆ ಸುತ್ತಿಗೆ ತಲುಪದವರೇ ಬಹಳ. ಫೋಲ್‌ಫಾಕ್ಸ್‌ನಲ್ಲಿ ಎರಡು ವಾರಕ್ಕೊಮ್ಮೆ ಆಕ್ಸಲಿಪ್ಲಾಟಿನ್, ಲ್ಯೂಕೊವೊರಿನ್, ಆಮೇಲೆ 46 ಗಂಟೆ ಪಂಪಿನಲ್ಲಿ 5-ಎಫ್‌ಯು ಹೋಗುತ್ತದೆ. ಶುರುವಿಗೆ ಮುಂಚೆ ಡಿಪಿವೈಡಿ ಜೀನ್ ಪರೀಕ್ಷೆ ಮಾಡಿಸಿ. 5-ಎಫ್‌ಯು ಒಡೆಯುವ ಕಿಣ್ವವನ್ನು ಮಾಡುವುದು ಈ ಜೀನು. ಆ ಕಿಣ್ವ ಕೈಕೊಟ್ಟಿದ್ದರೆ ಔಷಧ ದೇಹದಲ್ಲೇ ಉಳಿದು ಬಾಯಿಹುಣ್ಣು, ಭೇದಿ, ಬಿಳಿರಕ್ತಕಣಗಳ ಕುಸಿತದಿಂದ ಪ್ರಾಣಕ್ಕೇ ಬರಬಹುದು.

(ಕೆಆರ್‌ಎಎಸ್ ಜೀನಿನ ಜಿ12ಸಿ ಎಂಬ ಮ್ಯುಟೇಶನ್ನಿನ ಕಥೆಯೂ ಇದೇ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದನ್ನು ತಡೆಯುವ ಸೊಟೊರಾಸಿಬ್ ಒಂಟಿಯಾಗಿ ದುಡಿಯುತ್ತದೆ, ಕರುಳಿನಲ್ಲಿ ನೂರಕ್ಕೆ ಹತ್ತು ಜನರಿಗೂ ಹಿಡಿಯಲಿಲ್ಲ. ಇಜಿಎಫ್‌ಆರ್ ತಡೆಯುವ ಪ್ಯಾನಿಟುಮುಮ್ಯಾಬ್ ಸೇರಿಸಿದಾಗ ನೂರಕ್ಕೆ ಸುಮಾರು 26.)

ಇಷ್ಟೆಲ್ಲಕ್ಕೂ ಮುಂಚೆ ನೋಡಬೇಕಾದದ್ದು ಇನ್ನೊಂದಿದೆ, ನೀವು ಅದನ್ನು ಬರೆದೇ ಇಲ್ಲ: ಎಂಎಸ್‌ಐ, ಅಂದರೆ ಗಡ್ಡೆಯಲ್ಲಿ ಡಿಎನ್‌ಎ ತಿದ್ದುವ ವ್ಯವಸ್ಥೆ ಕೆಟ್ಟಿರುವುದರ ಗುರುತು. ವಿ600ಇ ಇರುವ ಕರುಳಿನ ಗಡ್ಡೆಗಳಲ್ಲಿ ಗಣನೀಯ ಪಾಲಿನವುಗಳಲ್ಲಿ ಡಿಎನ್‌ಎ ತಿದ್ದುವ ಎಂಎಲ್‌ಎಚ್1 ಜೀನು ಮಿಥೈಲ್ ಗುಂಪು ಅಂಟಿ ಮುಚ್ಚಿಹೋಗಿರುತ್ತದೆ. ಡಿಎನ್‌ಎ ತಿದ್ದುವವರಿಲ್ಲದೆ ತಪ್ಪುಗಳು ರಾಶಿಯಾಗುತ್ತವೆ, ಆ ತಪ್ಪುಗಳಿಂದ ಹುಟ್ಟುವ ವಿಚಿತ್ರ ಪ್ರೋಟೀನುಗಳನ್ನು ರೋಗನಿರೋಧಕ ಕಣಗಳು ಗುರುತಿಸುತ್ತವೆ. ಅಂಥವರಿಗೆ ಮೊದಲ ಆಯ್ಕೆ ಇಮ್ಯುನೊಥೆರಪಿ. ಕೀನೋಟ್-177 ಟ್ರಯಲ್‌ನಲ್ಲಿ ಪೆಂಬ್ರೊಲಿಝುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಒಂದೇ ರೋಗವನ್ನು 16.5 ತಿಂಗಳು ತಡೆದಿಟ್ಟಿತು, ಕೀಮೋ 8.2. ಅಂದರೆ ನಿಮ್ಮವರಿಗೆ ಕೀಮೋ ತಪ್ಪುವ ನಿಜವಾದ ದಾರಿ ಇದ್ದರೆ ಅದು ಈ ಸಾಲಿನಲ್ಲಿದೆ, ಬಿಆರ್‌ಎಎಫ್ ಸಾಲಿನಲ್ಲಲ್ಲ. ರಿಪೋರ್ಟಿನಲ್ಲಿ 'ಎಂಎಸ್‌ಐ-ಹೈ' ಅಥವಾ 'ಡಿಎಂಎಂಆರ್' ಎಂದಿದೆಯೇ ನೋಡಿ, ಎರಡೂ ಹೇಳುವುದು ಇದನ್ನೇ. ಈ ಬಗ್ಗೆ ರಿಪೋರ್ಟಿನಲ್ಲಿ ಏನೂ ಇಲ್ಲದಿದ್ದರೆ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಈ ನಾಲ್ಕು ತಿದ್ದುವ ಪ್ರೋಟೀನುಗಳ ಇಮ್ಯುನೊ ಸ್ಟೇನಿಂಗ್ (ಬಣ್ಣ ಹಾಕಿ ನೋಡುವ ಪರೀಕ್ಷೆ) ಆಗಿದೆಯೇ ಕೇಳಿ. ಬಯಾಪ್ಸಿಯ ಅದೇ ಮೇಣದ ಬ್ಲಾಕಿನಲ್ಲಿ ಆಗುತ್ತದೆ, ಮತ್ತೆ ಚುಚ್ಚಬೇಕಿಲ್ಲ.

ರಿಪೋರ್ಟನ್ನು ಅಕ್ಷರ ಬಿಡದೆ ಓದಿ. 'ಬಿಆರ್‌ಎಎಫ್ ಪಾಸಿಟಿವ್' ಎಂದಷ್ಟೇ ಇದ್ದರೆ ಸಾಲದು. ಡಿ594 ಥರದ ಬೇರೆ ಬಿಆರ್‌ಎಎಫ್ ಮ್ಯುಟೇಶನ್‌ಗಳ ಸ್ವಭಾವವೇ ಬೇರೆ, ಈ ಜೋಡಿ ಅವುಗಳಿಗಲ್ಲ. ಆರ್‌ಎಎಸ್ ಫಲಿತಾಂಶದಲ್ಲಿ ಕೆಆರ್‌ಎಎಸ್, ಎನ್‌ಆರ್‌ಎಎಸ್ ಎರಡರ 2, 3, 4ನೇ ಎಕ್ಸಾನ್‌ಗಳೂ (ಜೀನಿನ ತುಣುಕುಗಳೂ) ಇರಬೇಕು. ಸ್ಯಾಂಪಲ್ಲಿನಲ್ಲಿ ಕ್ಯಾನ್ಸರ್ ಕೋಶಗಳ ಪ್ರಮಾಣ ಎಷ್ಟು ಎಂಬುದೂ ಬರೆದಿರುತ್ತದೆ. ಅದು ತೀರಾ ಕಡಿಮೆ ಇದ್ದರೆ 'ಮ್ಯುಟೇಶನ್ ಇಲ್ಲ' ಅನ್ನುವ ಉತ್ತರವನ್ನು ನಂಬಬೇಡಿ.

ಎನ್ಕೊರಾಫೆನಿಬ್ ಶುರುವಾದರೆ ದಿನಕ್ಕೆ 300 ಮಿಲಿಗ್ರಾಂ, ಅಂದರೆ 75ರ ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ. ಮೆಲನೋಮಾದ ಡೋಸ್ 450, ಅಂತರ್ಜಾಲದಲ್ಲಿ ಅದನ್ನು ಓದಿ ಗಾಬರಿಯಾಗಬೇಡಿ. ಈ ಔಷಧವನ್ನು ಒಡೆಯುವ ಲಿವರಿನ ಸಿವೈಪಿ3ಎ4 ಕಿಣ್ವವನ್ನು ತಡೆಯುವ ಕ್ಲಾರಿಥ್ರೊಮೈಸಿನ್, ಇಟ್ರಾಕೊನಜೋಲ್, ದ್ರಾಕ್ಷಿಹಣ್ಣಲ್ಲದ ಗ್ರೇಪ್‌ಫ್ರೂಟ್ ರಸ, ಇವು ಔಷಧದ ಮಟ್ಟವನ್ನು ಏರಿಸುತ್ತವೆ. ಈಗ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ಡಾಕ್ಟರಿಗೆ ತೋರಿಸಿ. ಸೆಟುಕ್ಸಿಮ್ಯಾಬ್ ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಸುತ್ತದೆ, ಎನ್ಕೊರಾಫೆನಿಬ್ ಇಸಿಜಿಯ ಕ್ಯೂಟಿ ಅಂತರವನ್ನು ಉದ್ದ ಮಾಡಬಲ್ಲದು. ಎರಡೂ ಸೇರಿದರೆ ಹೃದಯದ ಲಯ ತಪ್ಪುವ ಅಪಾಯ, ಆದ್ದರಿಂದ ರಕ್ತಪರೀಕ್ಷೆಯಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ತಪ್ಪದೆ ಇರಲಿ. ಎರಡು ತಿಂಗಳಿಗೊಮ್ಮೆ ಚರ್ಮದ ತಪಾಸಣೆ, ಕಣ್ಣು ಮಂಜಾದರೆ ಅದೇ ದಿನ ಫೋನ್. ಮುಂದೆ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬೆಳೆದರೆ, ಔಷಧ ಬದಲಿಸುವ ಮುಂಚೆ ರಕ್ತದಲ್ಲಿನ ಗಡ್ಡೆಯ ಡಿಎನ್‌ಎ ಪರೀಕ್ಷೆ ಸಾಧ್ಯವೇ ಎಂದು ಕೇಳಿ. ಹೊಸ ಆರ್‌ಎಎಸ್ ಮ್ಯುಟೇಶನ್ ಅಥವಾ ಎಂಇಟಿ ಜೀನಿನ ಹೆಚ್ಚುವರಿ ಪ್ರತಿಗಳು ಹುಟ್ಟಿಕೊಂಡಿದ್ದರೆ ಬಹುತೇಕ ಅಲ್ಲೇ ಕಾಣುತ್ತವೆ.