ಸೋತ ಹಣ ಮರಳಿ ಬಂದೀತೇ? ಆನ್‌ಲೈನ್ ಕ್ಯಾಸಿನೊ ಕುರಿತ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ಎರಡು ವರ್ಷಗಳಲ್ಲಿ ಒಂದು ಆನ್‌ಲೈನ್ ಕ್ಯಾಸಿನೊದಲ್ಲಿ ನನ್ನ ಉಳಿತಾಯದ ಬಹುಪಾಲನ್ನು ಕಳೆದುಕೊಂಡಿದ್ದೇನೆ. ತಾಣದ ಕೆಳಗಡೆ ಪರವಾನಗಿ ಸಂಖ್ಯೆ, ಮುದ್ರೆ ಎಲ್ಲವೂ ಇವೆ. ಆದರೂ ಇಂಥ ಕ್ಯಾಸಿನೊಗಳು ಕಾನೂನುಬಾಹಿರ, ಅಲ್ಲಿ ಸೋತ ಹಣವನ್ನು ನ್ಯಾಯಾಲಯದ ಮೂಲಕ ವಾಪಸ್ ಪಡೆಯಬಹುದು ಎಂದು ಓದಿದೆ. ನಿಜವೇ?

ಉತ್ತರ: ಅರ್ಧ ನಿಜ. ಆ ಅರ್ಧ ನಿಮ್ಮ ಪಾಲಿಗೆ ಬರುತ್ತದೆಯೋ ಇಲ್ಲವೋ ಎಂಬುದು ನೀವು ಯಾವ ದೇಶದಲ್ಲಿ ಕುಳಿತು ಆಡಿದಿರಿ ಎಂಬುದನ್ನು ಅವಲಂಬಿಸಿದೆ.

ಮೊದಲು ಆ ಮುದ್ರೆಯ ವಿಚಾರ. ಪರವಾನಗಿ ಎಂದರೆ ಒಂದು ಸರ್ಕಾರ ತನ್ನ ಗಡಿಯೊಳಗಿನ ವ್ಯವಹಾರಕ್ಕೆ ಕೊಡುವ ಅನುಮತಿ. ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ಪರವಾನಗಿ ಇದ್ದರೆ ಆ ಕಂಪನಿ ಕುರಸಾವೊದ ಮಟ್ಟಿಗೆ ಸಾಚಾ. ನಿಮ್ಮ ಊರಿನಲ್ಲಿ ಆಡಿಸಲು ಅದಕ್ಕೆ ನಿಮ್ಮ ಸರ್ಕಾರದ ಅನುಮತಿಯೇ ಬೇಕು. ಆ ದ್ವೀಪದಲ್ಲಂತೂ ಬಹುಕಾಲ ಬೆರಳೆಣಿಕೆಯಷ್ಟು ಮೂಲ ಪರವಾನಗಿದಾರರು ಲೆಕ್ಕವಿಲ್ಲದಷ್ಟು ತಾಣಗಳಿಗೆ ಉಪಪರವಾನಗಿ ಹಂಚುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಬಂದ ಮೇಲಷ್ಟೇ ಆ ಪದ್ಧತಿಗೆ ತೆರೆ ಬಿತ್ತು. ಆದ್ದರಿಂದ ಮುದ್ರೆಯನ್ನು ನೋಡಿ ನಂಬಬೇಡಿ. ನಿಮ್ಮ ದೇಶದ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿ ಆ ಕಂಪನಿಯ ಹೆಸರಿದೆಯೇ ಎಂದು ನೋಡಿ. ನಿಮ್ಮ ಪ್ರಕರಣದ ಮುಕ್ಕಾಲು ಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಏಕೆಂದರೆ ಸೋತದ್ದು ದಾವೆಗೆ ಕಾರಣವಾಗುವುದಿಲ್ಲ. ಯುರೋಪಿಯನ್ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ; ಒಂದೇ ಸಂಖ್ಯೆಗೆ ಹಣ ಕಟ್ಟಿ ಗೆದ್ದರೆ ಕಟ್ಟಿದ ಹಣದ ಜೊತೆಗೆ ಸಿಗುವುದು 35 ಪಟ್ಟು, ಅಂದರೆ ಕೈಗೆ ಬರುವುದು ಒಟ್ಟು 36 ಪಟ್ಟು. ಆ ಅಂತರವೇ ಮಾಲೀಕನ ಲಾಭ, ಶೇಕಡ 2.7. ಇದನ್ನು ಯಾರೂ ಬಚ್ಚಿಟ್ಟಿಲ್ಲ. ಪರವಾನಗಿ ಇರುವ ಕಡೆ, ನಿಯಮಬದ್ಧವಾಗಿ ನಡೆದ ಆಟದಲ್ಲಿ ಸೋತರೆ ಆ ಹಣ ಹೋಯಿತೆಂದೇ ಲೆಕ್ಕ. ಅನುಮತಿಯೇ ಇಲ್ಲದವನು ಆಡಿಸಿದ್ದರೆ ಮಾತ್ರ ನಿಮ್ಮಿಬ್ಬರ ನಡುವಿನ ಕರಾರು ಅನೂರ್ಜಿತ, ಅಂದರೆ ಕಾನೂನಿನ ಕಣ್ಣಲ್ಲಿ ಇಲ್ಲದ್ದು, ಎನ್ನುವ ವಾದಕ್ಕೆ ಜಾಗವಿದೆ.

ಸಿಕ್ಕು ಇರುವುದು ಈ ‘ಅನೂರ್ಜಿತ’ ಎಂಬ ಪದದಲ್ಲಿ. ಕೆಲವು ದೇಶಗಳ ನ್ಯಾಯಾಲಯಗಳು ‘ಕರಾರೇ ಇಲ್ಲ ಎಂದಮೇಲೆ ನೀನು ಪಡೆದ ಹಣಕ್ಕೆ ಆಧಾರವೂ ಇಲ್ಲ, ಹಿಂತಿರುಗಿಸು’ ಎನ್ನುತ್ತವೆ. ಬೇರೆ ಕೆಲವು ಕಡೆ ‘ಜೂಜಿನ ಜಗಳಕ್ಕೆ ನಾವು ತಲೆಹಾಕುವುದಿಲ್ಲ, ಹಣ ಯಾರ ಕೈಯಲ್ಲಿದೆಯೋ ಅಲ್ಲೇ ಇರಲಿ’ ಎನ್ನುತ್ತಾರೆ. ಒಂದೇ ಪದ, ತದ್ವಿರುದ್ಧ ಫಲ. ಆಸ್ಟ್ರಿಯಾ ಮತ್ತು ಜರ್ಮನಿ ಮೊದಲ ಬಗೆಯವು. ಆಸ್ಟ್ರಿಯಾದಲ್ಲಿ ಆನ್‌ಲೈನ್ ಕ್ಯಾಸಿನೊ ನಡೆಸುವ ಹಕ್ಕು ಒಂದೇ ಸಂಸ್ಥೆಗೆ ಮೀಸಲಾಗಿತ್ತು. ಹಾಗಾಗಿ ಮೆಡಿಟರೇನಿಯನ್ ಸಮುದ್ರದ ದ್ವೀಪ ದೇಶ ಮಾಲ್ಟಾದ ಪರವಾನಗಿ ಹಿಡಿದು ಬಂದ ಕಂಪನಿಗಳು ಆಟಗಾರರ ಹಣವನ್ನು ಮರಳಿಸಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. ಜರ್ಮನಿಯ ಬಹುತೇಕ ಭಾಗದಲ್ಲಿ 2021ರ ಜುಲೈ 1ಕ್ಕೆ ಮುಂಚೆ ಆನ್‌ಲೈನ್ ಕ್ಯಾಸಿನೊ ನಿಷಿದ್ಧವಾಗಿತ್ತು. ಆ ಅವಧಿಯ ನಷ್ಟಕ್ಕೆ ಸಂಬಂಧಿಸಿ ಅನೇಕ ನ್ಯಾಯಾಲಯಗಳು ಆಟಗಾರರ ಪರ ತೀರ್ಪು ಕೊಟ್ಟಿವೆ. ನೀವು ಓದಿದ ಸುದ್ದಿಯ ಮೂಲ ಇದೇ ಇರಬೇಕು. ಭಾರತದ 1872ರ ಕರಾರು ಕಾಯ್ದೆಯ 30ನೇ ಕಲಮಿನ ಧಾಟಿಯೇ ಬೇರೆ. ಪಣದ ಕರಾರು ಅನೂರ್ಜಿತ, ಗೆದ್ದದ್ದನ್ನು ವಸೂಲು ಮಾಡಲು ದಾವೆ ಹೂಡುವಂತಿಲ್ಲ ಎನ್ನುತ್ತದೆ ಅದು. ಸೋತು ಕೊಟ್ಟವನ ಕೈಹಿಡಿಯುವ ಮಾತು ಅಲ್ಲಿಲ್ಲ. ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು: 1845ರಲ್ಲಿ ಜೂಜಿನ ಕರಾರುಗಳನ್ನು ಅನೂರ್ಜಿತಗೊಳಿಸಿ, 2005ರ ಕಾಯ್ದೆಯಲ್ಲಿ ಅವುಗಳಿಗೆ ಮತ್ತೆ ಜೀವ ಕೊಟ್ಟಿತು.

ಈ ವಿಷಯದಲ್ಲಿ ನನಗೆ ಅತಿ ಸೋಜಿಗದ ಪ್ರಕರಣ ಅಮೆರಿಕದ ಕೆಂಟಕಿ ರಾಜ್ಯದ್ದು. ಆನ್ ರಾಣಿಯ ಕಾಲದಲ್ಲಿ, 1710ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ಒಂದೇ ಕೂಟದಲ್ಲಿ ಹತ್ತು ಪೌಂಡ್ ಅಥವಾ ಹೆಚ್ಚು ಸೋತವನು ಮೂರು ತಿಂಗಳೊಳಗೆ ದಾವೆ ಹೂಡಿ ಹಣ ಪಡೆಯಬಹುದು. ಅವನು ಸುಮ್ಮನಿದ್ದರೆ ಬೇರೆ ಯಾರಾದರೂ ಮೂರು ಪಟ್ಟು ವಸೂಲು ಮಾಡಬಹುದು. ಇದರ ಕುಡಿ ಅಮೆರಿಕದ ಕೆಲವು ರಾಜ್ಯಗಳ ಕಾನೂನಿನಲ್ಲಿ ಉಳಿದುಕೊಂಡಿದೆ. ಕೆಂಟಕಿ ಸರ್ಕಾರ ತಾನೇ ಆ ‘ಬೇರೆ ಯಾರಾದರೂ’ ಎಂದು ಮುಂದೆ ಬಂದು ಪೋಕರ್‌ಸ್ಟಾರ್ಸ್ ಎಂಬ ಆನ್‌ಲೈನ್ ಪೋಕರ್ ತಾಣದ ಮೇಲೆ ದಾವೆ ಹೂಡಿತು. 2015ರಲ್ಲಿ 87 ಕೋಟಿ ಡಾಲರ್ ತೀರ್ಪು ಬಂತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಗಿ, 2020ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಮತ್ತೆ ಎದ್ದು ನಿಂತಿತು. ಮರುವರ್ಷ ಒಟ್ಟು 30 ಕೋಟಿ ಡಾಲರಿಗೆ ರಾಜಿಯಾಯಿತು. ದಾವೆ ಹೂಡಿದ್ದು ರಾಜ್ಯ, ಹಣ ಪಡೆದದ್ದೂ ರಾಜ್ಯವೇ. ಪೋಕರ್ ಆಡಿ ಸೋತವರು ಪತ್ರಿಕೆಯಲ್ಲಿ ಸುದ್ದಿ ಓದಿದರು.

ಇನ್ನು ವಸೂಲಾತಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ಪೂಜಾರಿ ಮಾಲ್ಟಾ. ಆಸ್ಟ್ರಿಯಾದಲ್ಲಿ ಗೆದ್ದ ತೀರ್ಪನ್ನು ಕಂಪನಿಯ ನೆಲದಲ್ಲಿ ಜಾರಿ ಮಾಡಿಸಲು ಹೋದರೆ, ತನ್ನ ಪರವಾನಗಿದಾರರ ವಿರುದ್ಧದ ಇಂಥ ವಿದೇಶಿ ತೀರ್ಪುಗಳನ್ನು ಮಾನ್ಯ ಮಾಡಬಾರದೆಂದು ಮಾಲ್ಟಾ 2023ರಲ್ಲಿ ಕಾನೂನನ್ನೇ ತಿದ್ದಿಕೊಂಡಿದೆ. ಅದರ ವಿರುದ್ಧ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2025ರಲ್ಲಿ ಕ್ರಮ ಆರಂಭಿಸಿತು. ಒಂದೇ ಒಕ್ಕೂಟದ ಎರಡು ಸದಸ್ಯ ದೇಶಗಳ ನಡುವೆಯೇ ಈ ಪಾಡು. ದೂರದ ದ್ವೀಪದಲ್ಲಿ ನೋಂದಣಿಯಾಗಿ, ಕ್ರಿಪ್ಟೊದಲ್ಲಿ ಹಣ ಪಡೆದು, ಆರು ತಿಂಗಳಿಗೊಮ್ಮೆ ಹೆಸರು ಬದಲಿಸುವ ತಾಣದ ವಿರುದ್ಧ ತೀರ್ಪು ಪಡೆದರೆ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು.

ಹಾಗಾದರೆ ನೀವು ವಕೀಲರ ಬಳಿ ಹೋಗಬೇಕೇ? ಆಡಿದ ಕಾಲದಲ್ಲಿ ಕಂಪನಿಗೆ ನಿಮ್ಮ ದೇಶದ ಪರವಾನಗಿ ಇರಲಿಲ್ಲ, ನಿಮ್ಮ ದೇಶದ ನ್ಯಾಯಾಲಯಗಳು ಹಣ ಮರಳಿಸುವ ಪಂಗಡಕ್ಕೆ ಸೇರಿವೆ, ಕಂಪನಿಗೆ ಕೈಗೆಟುಕುವ ಆಸ್ತಿ ಇದೆ. ಈ ಮೂರೂ ಕೂಡಿದರೆ ಹೋಗಿ, ತಡಮಾಡದೆ ಹೋಗಿ. ಕಾಲಮಿತಿ ಒಂದೊಂದು ಕಡೆ ಒಂದೊಂದು ರೀತಿ: ಆಸ್ಟ್ರಿಯಾದಲ್ಲಿ 30 ವರ್ಷ, ಜರ್ಮನಿಯಲ್ಲಿ ಸಾಮಾನ್ಯವಾಗಿ ವಿಷಯ ತಿಳಿದ ವರ್ಷದ ಕೊನೆಯಿಂದ 3 ವರ್ಷ. ಗೆದ್ದರೆ ಮಾತ್ರ ಪಾಲು ಎಂದು ಖರ್ಚು ಹಾಕುವ ಸಂಸ್ಥೆಗಳೂ ಇವೆ. ಅವು ದೊಡ್ಡ ತುಂಡನ್ನೇ ಕತ್ತರಿಸಿಕೊಳ್ಳುತ್ತವೆ, ಆದರೂ ಅವುಗಳ ಒಂದು ಲಕ್ಷಣ ನನಗೆ ಹಿಡಿಸುತ್ತದೆ. ಸೋಲುವ ಪ್ರಕರಣವನ್ನು ಅವು ಮುಟ್ಟುವುದಿಲ್ಲ. ಅವು ‘ಬೇಡ’ ಎಂದರೆ ಅದೂ ಪುಕ್ಕಟೆಯಾಗಿ ಸಿಕ್ಕ ಸಲಹೆಯೇ.

ಪ್ರಶ್ನೆ: ಹಣ ಕಟ್ಟಿದ್ದು ಕ್ರೆಡಿಟ್ ಕಾರ್ಡ್‌ನಿಂದ. ‘ಈ ವಹಿವಾಟು ನಾನು ಮಾಡಿದ್ದಲ್ಲ’ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಹಣ ವಾಪಸ್ ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ: ಗೆಳೆಯರು ನಿಮ್ಮನ್ನು ಸೋತವನ ಸ್ಥಾನದಿಂದ ಆರೋಪಿಯ ಸ್ಥಾನಕ್ಕೆ ಬಡ್ತಿ ಕೊಡಿಸುತ್ತಿದ್ದಾರೆ. ಒಟಿಪಿ ಹೋದದ್ದು ನಿಮ್ಮ ಮೊಬೈಲ್‌ಗೆ, ಲಾಗಿನ್ ಆದದ್ದು ನಿಮ್ಮ ಮನೆಯ ಸಂಪರ್ಕದಿಂದ, ಗುರುತಿನ ಚೀಟಿ ಅಪ್‌ಲೋಡ್ ಮಾಡಿದ್ದೂ ನೀವೇ. ಕ್ಯಾಸಿನೊ ಇದೆಲ್ಲವನ್ನೂ ಎರಡು ಪುಟಗಳಲ್ಲಿ ಬ್ಯಾಂಕಿಗೆ ಕಳುಹಿಸುತ್ತದೆ. ಅಲ್ಲಿಗೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡ್ ಹಣ ಮರಳಿಸಿ ಎಂಬ ನಿಮ್ಮ ಕೋರಿಕೆ, ಬಿದ್ದುಹೋಗುತ್ತದೆ, ಸುಳ್ಳು ಹೇಳಿಕೆ ಮಾತ್ರ ಕಡತದಲ್ಲಿ ಉಳಿಯುತ್ತದೆ.

ಆದರೆ ನಿಮ್ಮ ಸ್ಟೇಟ್‌ಮೆಂಟನ್ನು ಒಮ್ಮೆ ಸಾಲುಸಾಲಾಗಿ ಓದಿ. ಕಾರ್ಡ್ ಜಾಲದಲ್ಲಿ ಪ್ರತಿ ವ್ಯಾಪಾರಕ್ಕೂ ನಾಲ್ಕಂಕಿಯ ಸಂಕೇತವಿದೆ, ಜೂಜಿನದು 7995. ಬ್ಯಾಂಕುಗಳು ತಡೆಹಿಡಿಯುವುದು ಈ ಸಂಖ್ಯೆಯನ್ನು ನೋಡಿಯೇ. ಅದನ್ನು ತಪ್ಪಿಸಲು ಕಳ್ಳ ಕ್ಯಾಸಿನೊಗಳು ಬಟ್ಟೆ ಅಂಗಡಿಯದ್ದೋ ಸಾಫ್ಟ್‌ವೇರ್ ಮಾರಾಟದ್ದೋ ಹೆಸರಿನಲ್ಲಿ ಹಣ ಎಳೆಯುತ್ತವೆ. ನೀವು ಸ್ಲಾಟ್ (ಗುಂಡಿ ಒತ್ತಿ ಚಿತ್ರಗಳನ್ನು ತಿರುಗಿಸುವ ಆಟ) ಆಡಿದ ರಾತ್ರಿ ಹನ್ನೊಂದೂಮುಕ್ಕಾಲಿಗೆ ಸ್ಟೇಟ್‌ಮೆಂಟಿನಲ್ಲಿ ಯಾವುದೋ ಉಡುಪು ಮಳಿಗೆ ಕಂಡರೆ, ಬ್ಯಾಂಕಿಗೆ ನಿಜವನ್ನೇ ಬರೆಯಿರಿ: ಹಣ ಕಟ್ಟಿದ್ದು ನಾನೇ, ಆದರೆ ಕ್ಯಾಸಿನೊಗೆ, ಇಲ್ಲಿ ನಮೂದಾಗಿರುವ ಅಂಗಡಿಯಿಂದ ನಾನು ಏನನ್ನೂ ಕೊಂಡಿಲ್ಲ. ಹಣ ಬಂದೇ ಬರುತ್ತದೆ ಎನ್ನಲಾರೆ. ಬ್ಯಾಂಕ್ ಕಿವಿ ನಿಮಿರಿಸಿ ಓದುವ ದೂರು ಮಾತ್ರ ಇದೇ. ಕಾರ್ಡ್ ವ್ಯಾಜ್ಯಕ್ಕೆ ಸಾಮಾನ್ಯವಾಗಿ 120 ದಿನಗಳ ಗಡುವು ಇರುತ್ತದೆ, ನೆನಪಿರಲಿ.

ಪ್ರಶ್ನೆ: ಸೋತ ಹಣವನ್ನು ಪೂರ್ತಿ ವಾಪಸ್ ಕೊಡಿಸುತ್ತೇವೆ ಎಂದು ಒಂದು ಸಂಸ್ಥೆ ವಾಟ್ಸ್‌ಆ್ಯಪ್‌ನಲ್ಲಿ ಸಂಪರ್ಕಿಸಿದೆ. ನಾನು ಎಷ್ಟು ಸೋತಿದ್ದೇನೆ ಎಂಬುದೂ ಅವರಿಗೆ ಸರಿಯಾಗಿ ಗೊತ್ತು. ಶೇಕಡ ಹತ್ತು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದ ಎರಡನೇ ವಾಕ್ಯದಲ್ಲೇ ಉತ್ತರವಿದೆ. ನೀವು ಹೇಳದಿದ್ದರೂ ಅವರಿಗೆ ಮೊತ್ತ ಗೊತ್ತಾದದ್ದು ಹೇಗೆ? ಸೋತವರ ಪಟ್ಟಿ ಮಾರಾಟವಾಗುತ್ತದೆ. ಹಲವು ಸಲ ಮೊದಲು ಮುಳುಗಿಸಿದವರೇ ಬೇರೆ ಅಂಗಿ ತೊಟ್ಟು ಬರುತ್ತಾರೆ. ಮುಂಗಡ ಕೊಟ್ಟ ಮೇಲೆ ‘ತೆರಿಗೆ’ ಬರುತ್ತದೆ, ಆಮೇಲೆ ‘ವಾಲೆಟ್ ತೆರೆಯುವ ಶುಲ್ಕ’, ಕೊನೆಗೆ ನಿಮ್ಮ ಮೊಬೈಲ್ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾರೆ. ಉತ್ತರಿಸಬೇಡಿ. ಸಂದೇಶಗಳನ್ನು ಅಳಿಸದೆ ಸೈಬರ್ ಪೊಲೀಸರಿಗೆ ಕೊಡಿ.

ಪ್ರಶ್ನೆ: ನನ್ನ ತಮ್ಮ ‘ನನ್ನನ್ನು ಇನ್ನು ಆಡಲು ಬಿಡಬೇಡಿ’ ಎಂದು ಕ್ಯಾಸಿನೊಗೆ ತಾನೇ ಇಮೇಲ್ ಬರೆದಿದ್ದ. ಮೂರು ವಾರಗಳ ನಂತರ ಅವರೇ ಬೋನಸ್ ಕಳುಹಿಸಿ ಕರೆದರು. ಅವನು ಮತ್ತೆ ಸೋತ. ಅವರ ಹೊಣೆ ಇಲ್ಲವೇ?

ಉತ್ತರ: ಇದೆ ಎಂದೇ ನನ್ನ ಅಭಿಪ್ರಾಯ. ಸಾಬೀತು ಮಾಡುವುದು ಕಷ್ಟ. 2008ರಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದೇ ಮೊಕದ್ದಮೆ ನಡೆಯಿತು. ತನ್ನನ್ನು ಹೊರಗಿಡಿ ಎಂದು ಕೇಳಿಕೊಂಡವನಿಂದ ಕಂಪನಿ ಮತ್ತೆ ಪಣ ಸ್ವೀಕರಿಸಿತ್ತು, ಅವನು ಕಳೆದುಕೊಂಡದ್ದು 20 ಲಕ್ಷ ಪೌಂಡಿಗೂ ಹೆಚ್ಚು. ಕಂಪನಿ ತಾನೇ ಒಪ್ಪಿಕೊಂಡ ಹೊಣೆಯಲ್ಲಿ ಎಡವಿದೆ ಎಂದು ನ್ಯಾಯಾಲಯವೂ ಒಪ್ಪಿತು. ಆದರೆ ‘ಇವರು ತಡೆದಿದ್ದರೆ ಈತ ಪಕ್ಕದ ಬಾಗಿಲಿಗೆ ಹೋಗಿ ಸೋಲುತ್ತಿದ್ದ’ ಎಂದು ಪರಿಹಾರ ನಿರಾಕರಿಸಿತು. ತರ್ಕ ಸರಿ ಇರಬಹುದು, ನನಗಂತೂ ಅದು ಇಂದಿಗೂ ಗಂಟಲಲ್ಲಿ ಇಳಿದಿಲ್ಲ. ಆ ಪಕ್ಕದ ಬಾಗಿಲುಗಳನ್ನೂ ಒಟ್ಟಿಗೆ ಮುಚ್ಚಲು ಈಗ ಬ್ರಿಟನ್ನಿನಲ್ಲಿ ಗ್ಯಾಮ್‌ಸ್ಟಾಪ್, ಜರ್ಮನಿಯಲ್ಲಿ ಓಯಾಸಿಸ್ ಎಂಬ ಪಟ್ಟಿಗಳಿವೆ. ಒಮ್ಮೆ ಹೆಸರು ಬರೆಸಿದರೆ ಪರವಾನಗಿ ಇರುವ ಯಾವ ಆನ್‌ಲೈನ್ ಕಂಪನಿಯೂ ಒಳಗೆ ಬಿಡುವಂತಿಲ್ಲ. ಪರವಾನಗಿ ಇಲ್ಲದವರಿಗೆ ಈ ಪಟ್ಟಿ ಲೆಕ್ಕಕ್ಕಿಲ್ಲ. ತಮ್ಮ ಬರೆದ ಇಮೇಲ್ ಮತ್ತು ಬೋನಸ್ ಸಂದೇಶ, ಎರಡನ್ನೂ ದಿನಾಂಕ ಕಾಣುವಂತೆ ಉಳಿಸಿ, ಪರವಾನಗಿ ಕೊಟ್ಟ ನಿಯಂತ್ರಣ ಸಂಸ್ಥೆಗೆ ದೂರು ಕೊಡಿ. ದಾವೆಗಿಂತ ಇದು ಕಂಪನಿಗಳಿಗೆ ಬೇಗ ತಾಗುತ್ತದೆ.

ಅಣ್ಣನೋ ಅಕ್ಕನೋ ಆಗಿ ನೀವು ಗಮನಿಸಬೇಕಾದದ್ದು ಇನ್ನೊಂದಿದೆ. ಜೂಜಿನಲ್ಲಿ ಸೋತದ್ದನ್ನೆಲ್ಲ ಧೃತರಾಷ್ಟ್ರ ಹಿಂತಿರುಗಿಸಿದ ಮೇಲೆ ಧರ್ಮರಾಯ ಏನು ಮಾಡಿದ? ಮತ್ತೆ ಕರೆದರು, ಹೋಗಿ ಕುಳಿತ. ಹಣ ಮರಳಿ ಬಂದ ವಾರವೇ ಅದು ಇನ್ನೊಂದು ತಾಣಕ್ಕೆ ಹೋದದ್ದನ್ನು ನನ್ನ ಕಕ್ಷಿದಾರರಲ್ಲಿಯೂ ಕಂಡಿದ್ದೇನೆ. ಸ್ಲಾಟ್‌ನ ಲೆಕ್ಕ ಇಷ್ಟೆ: ನೂರಕ್ಕೆ ಸರಾಸರಿ 96 ಮರಳಿಸುವ ಆಟದಲ್ಲಿ, ಒಂದು ಸುತ್ತಿಗೆ ನೂರರಂತೆ ನಿಮಿಷಕ್ಕೆ ಹತ್ತು ಸುತ್ತು ಆಡಿದರೆ ನಿಮಿಷಕ್ಕೆ 40 ಹೋಗುತ್ತದೆ, ಹತ್ತು ಸಾವಿರ ಕರಗಲು ನಾಲ್ಕು ಗಂಟೆ ಚಿಲ್ಲರೆ ಸಾಕು. ವಕೀಲರನ್ನು ಕಾಣುವ ಮೊದಲು ಅವನನ್ನು ಮನೋವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನಾನು ಸೋತಿಲ್ಲ, ಗೆದ್ದಿದ್ದೇನೆ. ಆದರೆ ಹಣ ಕೊಡದೆ ಬೋನಸ್ ಷರತ್ತು ಎನ್ನುತ್ತಿದ್ದಾರೆ.

ಉತ್ತರ: ಷರತ್ತಿನಲ್ಲಿ ‘35 ಪಟ್ಟು’ ಎಂಬಂಥ ಮಾತು ಇರಬೇಕು, ನೋಡಿ. ನೂರರ ಬೋನಸ್ ಕೈಗೆ ಬರಲು 3,500 ಪಣಕ್ಕಿಡಬೇಕು ಎಂದು ಅರ್ಥ. ಮೇಲಿನ ಲೆಕ್ಕದಲ್ಲೇ ಅಷ್ಟು ಆಡುವಷ್ಟರಲ್ಲಿ ಸರಾಸರಿ 140 ಹೋಗುತ್ತದೆ, ನೂರು ಗಳಿಸಲು. ಕಂಪನಿಗೆ ಪರವಾನಗಿ ಇದ್ದರೆ ನಿಯಂತ್ರಣ ಸಂಸ್ಥೆ ಗೊತ್ತುಮಾಡಿದ ವ್ಯಾಜ್ಯ ಪರಿಹಾರ ಸಂಸ್ಥೆಗೆ ಬರೆಯಿರಿ. ಇಲ್ಲದಿದ್ದರೆ, ಕರಾರು ಅನೂರ್ಜಿತ ಎಂಬ ಅದೇ ಕತ್ತಿ ಈಗ ನಿಮ್ಮ ಕಡೆ ತಿರುಗುತ್ತದೆ.

ಪ್ರಶ್ನೆ: ದೂರು ಕೊಡಲು ಹೋದರೆ ‘ನೀನೇಕೆ ಆಡಿದೆ’ ಎಂದು ನನ್ನ ಮೇಲೆಯೇ ಕೇಸು ಹಾಕಬಹುದೇ? ಭಯಕ್ಕೆ ಖಾತೆಯನ್ನು ಅಳಿಸಿಬಿಡಲೇ?

ಉತ್ತರ: ಭಯ ಪೂರ್ತಿ ನಿರಾಧಾರವಲ್ಲ. ಪರವಾನಗಿ ಇಲ್ಲದ ಜೂಜಿನಲ್ಲಿ ಆಡುವುದೂ ಜರ್ಮನಿಯಲ್ಲಿ, ಸಿಂಗಪುರದಲ್ಲಿ ಅಪರಾಧ. ಭಾರತ 2025ರ ಆಗಸ್ಟ್‌ನಲ್ಲಿ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟ ನಡೆಸುವವರು, ಜಾಹೀರಾತು ಕೊಡುವವರು, ಪಾವತಿಗೆ ನೆರವಾಗುವವರನ್ನು ಹಿಡಿಯುತ್ತದೆ. ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ. ಆದ್ದರಿಂದ ಪೊಲೀಸ್ ಠಾಣೆಗೆ ಮುಂಚೆ ವಕೀಲರ ಕಚೇರಿ.

ಖಾತೆಯನ್ನು ಮಾತ್ರ ಈಗಲೇ ಅಳಿಸಬೇಡಿ. ಠೇವಣಿ, ಹಿಂಪಡೆತ, ಪ್ರತಿ ಪಣದ ಇತಿಹಾಸ, ಮೂರನ್ನೂ ಡೌನ್‌ಲೋಡ್ ಮಾಡಿಕೊಳ್ಳಿ. ತಾಣದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಇಮೇಲ್ ಬರೆದು ಕೇಳಿ. ಯುರೋಪಿನ ದತ್ತಾಂಶ ಕಾನೂನಿಗೆ ಒಳಪಟ್ಟ ಕಂಪನಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಲೇಬೇಕು. ಕಂಪನಿಯ ನೋಂದಾಯಿತ ಹೆಸರು ಕಾಣುವ ಪುಟದ ಚಿತ್ರವನ್ನೂ ತೆಗೆದಿಡಿ; ತಾಣಕ್ಕೊಂದು ಹೆಸರು, ಕಂಪನಿಗೊಂದು ಹೆಸರು ಇರುತ್ತದೆ, ದಾವೆಗೆ ಬೇಕಾಗುವುದು ಎರಡನೆಯದು. ಇವೆಲ್ಲ ಕೈಗೆ ಬಂದ ದಿನ ಖಾತೆಯನ್ನು ಮುಚ್ಚಿ.